ಲಾಕ್ ಇಲ್ಲದ ಹಳೇ ಮಾದರಿ ಮಡಚು ಚಾಕು ದಿನಾ ಜೇಬಲ್ಲಿ ಇಟ್ಕೊಳ್ಳೋರು ಯಾರ್ಯಾರಿದೀರಿ?

ಹಿತ್ತಾಳೆ_ರಿವೆಟ್:
ಚಾಕು ಅಂದ ತಕ್ಷಣ ಎಲ್ರೂ ಲಾಕ್ ಎಷ್ಟು ಗಟ್ಟಿ, ಒಂದೇ ಕೈಯಲ್ಲಿ ಎಷ್ಟು ಬೇಗ ತೆರೆಯುತ್ತೆ, ಯಾವ ಪೌಡರ್ ಸ್ಟೀಲು (ಲೋಹದ ಪುಡಿಯಿಂದ ಮಾಡೋ ಉಕ್ಕು), ಇದನ್ನೇ ಮಾತಾಡ್ತಾರೆ. ನಾನು ಸ್ಲಿಪ್‌ಜಾಯಿಂಟ್ ಬಗ್ಗೆ ಮಾತಾಡೋಣ ಅಂತ ಶುರು ಮಾಡ್ತಿದೀನಿ. ವರ್ಷಗಳಿಂದ ನನ್ನ ಜೇಬಲ್ಲಿ ಇರೋದು ಅದೇ. ಗೊತ್ತಿಲ್ಲದೋರಿಗೆ ಹೇಳ್ತೀನಿ, ಇದರಲ್ಲಿ ಲಾಕ್ ಇರಲ್ಲ, ಹಿಡಿಯ ಬೆನ್ನಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತೆ, ಅದೇ ಸ್ಪ್ರಿಂಗು. ಅಲಗಿನ ಬುಡಕ್ಕೆ ಚಪ್ಪಟೆ ಮುಖಗಳು ಇರ್ತವೆ, ತೆರೆದಾಗ ಒಂದು ಮುಖ ಸ್ಪ್ರಿಂಗ್‌ಗೆ ಒತ್ಕೊಂಡು ಕೂರುತ್ತೆ, ಮಡಚಿದಾಗ ಇನ್ನೊಂದು. ನಡುವೆ ಬುಡದ ಮೂಲೆ ದಾಟುವಾಗ ಸ್ಪ್ರಿಂಗ್ ಮೇಲೆದ್ದು ಮತ್ತೆ ಬೀಳುತ್ತಲ್ಲ, ಆ ಟಕ್ ಸದ್ದು ಅಲ್ಲಿಂದ ಬರೋದು. ಇಷ್ಟೇ ಯಂತ್ರ. ಸ್ಕ್ರೂ ಇಲ್ಲ, ಬೇರಿಂಗ್ ಇಲ್ಲ, ಜೇಬಿಗೆ ಸಿಕ್ಕಿಸೋ ಕ್ಲಿಪ್ ಇಲ್ಲ.

ನನ್ನ ವಾದ ಏನಂದ್ರೆ, ದಿನಾ ನಾವು ಕುಯ್ಯೋದು ಪಾರ್ಸೆಲ್ ಟೇಪು, ದಾರ, ರಟ್ಟು, ಕವರು, ಪೆನ್ಸಿಲ್ಲು, ಹಣ್ಣು, ಬಟ್ಟೆಯಿಂದ ಎದ್ದಿರೋ ನೂಲು, ಇಂಥವೇ. ಇದಕ್ಕೆ ಬೇಕಿರೋದು ತೆಳ್ಳಗಿನ ಅಲಗು. ಈಗಿನ ಭಾರಿ ಚಾಕುಗಳಲ್ಲಿ ಅಲಗಿನ ಬೆನ್ನು 3-4 ಮಿ.ಮೀ. ದಪ್ಪ ಇರುತ್ತೆ, ರಟ್ಟಿಗೆ ಹಾಕಿದ್ರೆ ಕುಯ್ಯೋ ಬದಲು ಸೀಳ್ಕೊಂಡು ಹೋಗುತ್ತೆ. ಹಳೇ ಮಾದರಿಯವು ಸುಮಾರು 2 ಮಿ.ಮೀ. ಆಸುಪಾಸು, ಬಾಯಿ, ಅಂದ್ರೆ ಕುಯ್ಯೋ ಅಂಚು, ಅದರ ಹತ್ರ ಬರೋ ಹೊತ್ತಿಗೆ ಇನ್ನೂ ತೆಳು, ಒತ್ತಬೇಕಾಗೇ ಇಲ್ಲ, ಎಳೆದ್ರೆ ಸಾಕು. ಒತ್ತಡ ಕಮ್ಮಿ ಆದಷ್ಟೂ ಕೈ ಜಾರೋದೂ ಕಮ್ಮಿ. ಹಾಗಾಗಿ ಚಾಕು ತಗೊಳ್ಳುವಾಗ ಲಾಕ್ ನೋಡೋ ಮುಂಚೆ ಅಲಗಿನ ದಪ್ಪ ನೋಡಿ ಅಂತೀನಿ. ನೀವೇನಂತೀರಿ?

ಹಗ್ಗದ_ಗಂಟು:
ನಾನು ಒಪ್ಪಲ್ಲ ಸರ್. ತೆಳು ಅಲಗಿನ ಮಾತು ಸರಿ, ಅದರ ಬಗ್ಗೆ ತಕರಾರಿಲ್ಲ, ಆದ್ರೆ ಲಾಕ್ ಇಲ್ಲದ ಚಾಕು ಬೆರಳಿನ ಮೇಲೆ ಮಡಚ್ಕೊಂಡ್ರೆ? ನಾನು ಎತ್ತರದಲ್ಲಿ ಹಗ್ಗ ಕಟ್ಟೋ ಕೆಲಸದವನು, ಒಂದು ಕೈ ಯಾವಾಗ್ಲೂ ಏನನ್ನೋ ಹಿಡ್ಕೊಂಡಿರುತ್ತೆ, ಇನ್ನೊಂದು ಕೈಗೆ ಗ್ಲೌಸು. ಉಗುರು ಸಿಕ್ಕಿಸಿ ಎರಡು ಕೈಯಲ್ಲಿ ತೆರೆಯೋ ಚಾಕು ನನಗೆ ಇದ್ದೂ ಇಲ್ಲದ ಹಾಗೆ.

ಹಿತ್ತಾಳೆ_ರಿವೆಟ್:
ನಿಮ್ಮ ಕೆಲಸಕ್ಕೆ ಲಾಕ್ ಇರೋದೇ ಬೇಕು, ಅದರಲ್ಲಿ ಎರಡು ಮಾತಿಲ್ಲ, ಗ್ಲೌಸ್ ಹಾಕ್ಕೊಂಡು ಉಗುರು ಕಚ್ಚಿಗೆ (ಅಲಗಲ್ಲಿ ಉಗುರು ಸಿಕ್ಕಿಸೋ ಗೀರಿಗೆ) ಕೈ ಹಾಕೋಕೇ ಆಗಲ್ಲ. ನಾನು ಹೇಳ್ತಿರೋದು ಟೇಬಲ್ ಮುಂದೆ, ಮನೇಲಿ, ತೋಟದಲ್ಲಿ, ಎರಡೂ ಕೈ ಬಿಡುವಿರೋರ ದಿನದ ಕೆಲಸದ ಬಗ್ಗೆ.

ಬೆರಳಿನ ಮೇಲೆ ಮಡಚ್ಕೊಳ್ಳೋದು ಯಾವಾಗ ಅಂತ ಸ್ವಲ್ಪ ನೋಡಿ. ಬಾಯಿ ಕಡೆ ಒತ್ತಿ ಕುಯ್ಯುವಾಗ ಬೀಳೋ ಬಲ ಅಲಗನ್ನ ಇನ್ನೂ ತೆರೆಯೋ ದಿಕ್ಕಿಗೇ ತಳ್ಳುತ್ತೆ, ಆಗ ಮಡಚೋ ಪ್ರಶ್ನೆನೇ ಬರಲ್ಲ. ಮಡಚೋದು ಮೂರು ಸಂದರ್ಭದಲ್ಲಿ: ಮೊನೆಯಿಂದ ಚುಚ್ಚಿದಾಗ, ಅಲಗು ಒಳಗೆ ಸಿಕ್ಕಾಕ್ಕೊಂಡು ಹಿಂದಕ್ಕೆ ಕಿತ್ತಾಗ, ಬೆನ್ನಿನ ಮೇಲೆ ಏನಾದ್ರೂ ಬಡಿದಾಗ. ದಪ್ಪ ರಟ್ಟಿಗೆ ಮೊನೆ ಊರಿ ತೂತು ಮಾಡೋದು ಈ ಚಾಕುವಿನ ಕೆಲಸ ಅಲ್ಲ, ಅದಕ್ಕೆ ದಬ್ಬಳ ಇದೆ. ರಟ್ಟಿನ ಅಂಚಿಂದ ಶುರು ಮಾಡಿ ಎಳೆಯೋದು ಇದರ ಕೆಲಸ. ಒಳಗೆ ಸಿಕ್ಕಾಕ್ಕೊಂಡ್ರೆ ಅಲುಗಾಡಿಸಬೇಡಿ, ಬಂದ ದಾರೀಲೇ ನೆಟ್ಟಗೆ ವಾಪಸ್ ಎಳೀರಿ, ಅಷ್ಟೇ.

ಹೊಸಬ_ನಾನು:
ನಾನು ಈ ವಿಷಯಕ್ಕೆ ತುಂಬಾ ಹೊಸಬ ಅಣ್ಣಾ. ಮೊದಲನೇದಾಗಿ ಯಾವುದು ತಗೊಳ್ಳೋದು ಸ್ವಲ್ಪ ಹೇಳಿ. ನೆಟ್ಟಲ್ಲಿ ನೋಡಿದ್ರೆ ಸ್ಟಾಕ್‌ಮನ್, ಟ್ರ್ಯಾಪರ್, ಬಾರ್ಲೋ, ಪೀನಟ್, ಸಾಡ್‌ಬಸ್ಟರ್ ಅಂತ ನೂರೆಂಟು ಹೆಸರು ಬರುತ್ತೆ, ಒಂದೂ ಅರ್ಥ ಆಗಲ್ಲ.

ಸಾಣೆಕಲ್ಲು:
ನಾನು ಹೇಳ್ತೀನಿ ತಮ್ಮಾ. ಇವೆಲ್ಲ ಕಂಪನಿ ಹೆಸರಲ್ಲ, ಮಾದರಿ ಹೆಸರು, ಯಾವ ಕಂಪನಿ ಬೇಕಾದ್ರೂ ಮಾಡಬಹುದು. ಸ್ಟಾಕ್‌ಮನ್ ಅಂದ್ರೆ ಮೂರು ಅಲಗು. ಒಂದು ಉದ್ದ, ಮೊನೆ ಹತ್ರ ಬೆನ್ನು ತೆಗೆದಿರೋ ಕ್ಲಿಪ್. ಇನ್ನೊಂದು ಶೀಪ್ಸ್‌ಫುಟ್, ಇದರ ಬಾಯಿ ಸ್ಕೇಲ್ ಥರ ನೆಟ್ಟಗೆ, ಬೆನ್ನೇ ಬಗ್ಗಿ ಕೆಳಗೆ ಬಂದು ಬಾಯಿಗೆ ಸೇರುತ್ತೆ. ಮೂರನೇದು ಸ್ಪೇ, ಮೊಂಡು ಮೊನೆಯದ್ದು, ದನ ಕುರಿಗಳಿಗೆ ಬೀಜ ಒಡೆಯೋಕೆ ಅಂತ ಹುಟ್ಟಿದ್ದು, ಈಗ ಜನ ಅದನ್ನ ಹೆರೆಯೋಕೆ, ಸವರೋಕೆ ಬಳಸ್ತಾರೆ. ಟ್ರ್ಯಾಪರ್‌ಗೆ ಎರಡೇ ಅಲಗು, ಎರಡೂ ಉದ್ದ, ಒಂದು ಕ್ಲಿಪ್ ಒಂದು ಸ್ಪೇ. ಬಾರ್ಲೋಗೆ ಗುರುತು ಹಿಡಿಯ ತಲೆಯಲ್ಲಿರೋ ಉದ್ದನೆ ಲೋಹದ ಬೋಲ್ಸ್ಟರ್, ಕೀಲು ಇರೋ ಜಾಗಕ್ಕೆ ಬಲ ಕೊಡೋಕೆ. ಪೀನಟ್ ಚಿಕ್ಕದು, ಮಡಚಿದ್ರೆ 7 ಸೆಂ.ಮೀ. ಚಿಲ್ಲರೆ, ಜೇಬಲ್ಲಿ ಇದೆ ಅಂತಾನೇ ಗೊತ್ತಾಗಲ್ಲ. ಸಾಡ್‌ಬಸ್ಟರ್ ಒಂದೇ ಅಗಲವಾದ ಅಲಗು, ಸಾದಾ ಹಿಡಿ, ಕೆಲಸದ ಎತ್ತು.

ಅಮೆರಿಕದ ಕೇಸ್ ಕಂಪನಿಯವರು ಚಾಕು ಮೇಲೆ ಒತ್ತೋ ನಂಬರ್ ಓದೋಕೆ ಬಂದ್ರೆ ಅರ್ಧ ಗೊಂದಲ ಹೋಗುತ್ತೆ. 6254 ಅಂತ ಇದ್ರೆ 6 ಹಿಡಿಯ ವಸ್ತು, 2 ಅಲಗಿನ ಸಂಖ್ಯೆ, 54 ಮಾದರಿ, ಅಂದ್ರೆ ಟ್ರ್ಯಾಪರ್. 6318 ಅಂದ್ರೆ ಮೂರು ಅಲಗಿನ ಸ್ಟಾಕ್‌ಮನ್. ನಂಬರ್ ಜೊತೆ ಸಿವಿ ಅಂತ ಇದ್ರೆ ಕ್ರೋಮ್ ವನೇಡಿಯಂ, ಅದು ತುಕ್ಕು ಹಿಡಿಯೋ ಜಾತಿ ಉಕ್ಕು. ಎಸ್‌ಎಸ್ ಅಂತ ಇದ್ರೆ ಸ್ಟೇನ್‌ಲೆಸ್.

ನನ್ನ ಸಲಹೆ ಕೇಳಿದ್ರೆ ಮೊದಲ ಚಾಕುಗೆ ಒಂದೇ ಅಲಗು ಸಾಕು. ಮೂರು ಅಲಗಿರೋದ್ರಲ್ಲಿ ಒಂದನ್ನ ತೆರೆದಾಗ ಮಿಕ್ಕ ಎರಡರ ಬೆನ್ನು, ಉಗುರು ಕಚ್ಚು ಅಂಗೈಗೆ ಒತ್ತುತ್ತೆ, ಜಾಸ್ತಿ ಹೊತ್ತು ಕೆಲಸ ಮಾಡಿದ್ರೆ ನೋಯುತ್ತೆ.

ಹಿತ್ತಾಳೆ_ರಿವೆಟ್:
ಸಾಣೆಕಲ್ಲು ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನೂ ಮರೀಬೇಡಿ. ಕೆಂಪು ಹಿಡಿ ನೋಡಿ ಅದು ಬೇರೆ ಜಾತಿ ಅನ್ಕೊಳ್ತಾರೆ ಎಷ್ಟೋ ಜನ, ಆದ್ರೆ ಅವರ ಸಣ್ಣ ಮಾದರಿಗಳಲ್ಲಿ ಇರೋದೂ ಇದೇ ಬೆನ್ನಿನ ಸ್ಪ್ರಿಂಗು. ಕಾರ್ಲ್ ಎಲ್ಸೆನರ್ 1884ರಲ್ಲಿ ಕಾರ್ಖಾನೆ ಶುರು ಮಾಡಿ 1891ರಲ್ಲಿ ಸ್ವಿಸ್ ಸೈನಿಕರಿಗೆ ಚಾಕು ಕೊಟ್ರು, 1897ರ ಆಫೀಸರ್ ಚಾಕುವಿನಲ್ಲಿ ಒಂದೇ ಸ್ಪ್ರಿಂಗ್ ಎರಡೂ ಕಡೆಯ ಅಲಗುಗಳನ್ನ ಹಿಡಿಯೋ ಹಾಗೆ ಮಾಡಿದ್ರು, ಅದಕ್ಕೇ ಅಷ್ಟು ಸಾಮಾನು ಹಿಡಿಸಿದ್ರೂ ತೂಕ ಏರಲಿಲ್ಲ. ಅಲ್ಯೂಮಿನಿಯಂ ಹಿಡಿಯ ಅಲಾಕ್ಸ್ ಸಾಲಲ್ಲಿ ಕೆಡೆಟ್ ಅಂತ 84 ಮಿ.ಮೀ.ದು ಬರುತ್ತೆ, ತೆಳು, ಚಪ್ಪಟೆ, ಅಂಗಿ ಜೇಬಿಗೂ ಆಗುತ್ತೆ. ಹೊಸಬರಿಗೆ ಮೊದಲ ಚಾಕು ಅಂದ್ರೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳೋದು.

ಬೀಚ್_ಮರ:
ಒಪಿನೆಲ್ ಬಗ್ಗೆ ಯಾರೂ ಬಾಯಿ ಬಿಡ್ಲಿಲ್ವಲ್ಲ! ಜೋಸೆಫ್ ಒಪಿನೆಲ್ 1890ರಲ್ಲಿ ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಮಾಡಿದ್ದು, ಇವತ್ತಿಗೂ ರೂಪ ಅದೇ. ಒಂದು ಮರದ ಹಿಡಿ, ಒಂದು ಅಲಗು, ಒಂದು ಕೀಲು, ಲೋಹದ ಕೊರಳುಪಟ್ಟಿ. 1955ರಲ್ಲಿ ಮೇಲೊಂದು ತಿರುಗೋ ಉಂಗುರ ಬಂತು, ವಿರೋಬ್ಲಾಕ್ ಅಂತಾರೆ, ತಿರುಗಿಸಿದ್ರೆ ಅಲಗು ಲಾಕ್. 2000ದಿಂದ ಈಚೆಗೆ ಮಡಚಿದಾಗ್ಲೂ ಲಾಕ್ ಆಗುತ್ತೆ, ಜೇಬಲ್ಲಿ ತಾನಾಗೇ ತೆರ್ಕೊಳ್ಳೋ ಭಯ ಇಲ್ಲ. 8ನೇ ನಂಬರ್ ಅಂದ್ರೆ ಅಲಗು 8.5 ಸೆಂ.ಮೀ., ಇಡೀ ಚಾಕು 50 ಗ್ರಾಂಗಿಂತ ಕಮ್ಮಿ ತೂಗುತ್ತೆ. ಇದರಷ್ಟು ಚೆನ್ನಾಗಿ ಕುಯ್ಯೋ ಚಾಕು ಇದರಷ್ಟು ಹಗುರಕ್ಕೆ ನಾನು ನೋಡೇ ಇಲ್ಲ.

ಒಂದೇ ತೊಂದರೆ, ಹಿಡಿ ಬೀಚ್ ಮರದ್ದು, ನೀರು ಕುಡಿದ್ರೆ ಊದ್ಕೊಳ್ಳುತ್ತೆ, ಊದಿದ್ರೆ ಅಲಗು ಒಳಗೇ ಕಚ್ಕೊಂಡು ಉಗುರು ಮುರಿದ್ರೂ ಬರಲ್ಲ. ಆಗ ಉಂಗುರನ ತೆರೆದ ಜಾಗಕ್ಕೆ ತಿರುಗಿಸಿ, ಹಿಡಿಯ ಹಿಂಬದಿ ತುದೀನ ಗಟ್ಟಿ ಮೇಜಿನ ಅಂಚಿಗೆ ಟಕ್ ಟಕ್ ಅಂತ ಮೆಲ್ಲಗೆ ಬಡೀಬೇಕು, ಮೊನೆ ಸ್ವಲ್ಪ ತಾನಾಗೇ ಹೊರಗೆ ಬರುತ್ತೆ, ಆಮೇಲೆ ಹಿಡಿದು ತೆಗೀಬಹುದು. ಇದು ಸವೊಯ್ ಜನರದ್ದೇ ಹಳೇ ಉಪಾಯ. ಹೊಸದಾಗಿ ತಂದಾಗ್ಲೇ ಹಿಡಿಯ ಸೀಳಿಗೆ, ಕೀಲಿನ ಸುತ್ತ ಅಗಸೆ ಎಣ್ಣೆ ಕುಡಿಸಿ ಚೆನ್ನಾಗಿ ಒಣಗಿಸಿದ್ರೆ ಈ ಕಾಟ ತುಂಬಾ ಕಮ್ಮಿ ಆಗುತ್ತೆ.

ಹೊಸಬ_ನಾನು:
ಹಾಗಾದ್ರೆ ಒಪಿನೆಲ್‌ಗೆ ಲಾಕ್ ಇದೆ, ಅದು ಹಳೇ ಮಾದರಿ ಲೆಕ್ಕಕ್ಕೆ ಬರುತ್ತಾ? ಇನ್ನೊಂದು, ಕಾನೂನು ಹೇಗೆ? ಜೇಬಲ್ಲಿ ಇಟ್ಕೊಂಡು ಓಡಾಡಿದ್ರೆ ಪೊಲೀಸ್ ಹಿಡಿಯಲ್ವಾ?

ದಾರಿಹೋಕ:
ಹಳೇ ಮಾದರಿನೇ, ಲಾಕ್ ಇರೋ ಹಳೇ ಮಾದರಿ. ಕಾನೂನಿನ ವಿಷಯಕ್ಕೆ ಬಂದ್ರೆ ಈ ಲಾಕ್ ಅನ್ನೋದೇ ಎಷ್ಟೋ ಕಡೆ ಮುಖ್ಯ ಆಗಿಬಿಡುತ್ತೆ, ಅದಕ್ಕೇ ಹುಷಾರು. ನನಗೆ ಕೆಲಸಕ್ಕೆ ದೇಶ ದೇಶ ಸುತ್ತೋದಿರುತ್ತೆ, ಹೋಗೋ ಮುಂಚೆ ಆ ಜಾಗದ ಕಾನೂನು ಓದ್ಕೊಂಡೇ ಹೋಗ್ತೀನಿ. ಬ್ರಿಟನ್ನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್‌ನ 139ನೇ ಸೆಕ್ಷನ್ ಪ್ರಕಾರ, ಬಾಯಿ 3 ಇಂಚಿಗಿಂತ ಜಾಸ್ತಿ ಇಲ್ಲದ ಮಡಚು ಚಾಕುನ ಕಾರಣ ಹೇಳದೇನೇ ಜೇಬಲ್ಲಿ ಇಟ್ಕೋಬಹುದು, ಆದ್ರೆ ಲಾಕ್ ಇದ್ರೆ ಈ ವಿನಾಯಿತಿ ಸಿಗಲ್ಲ ಅಂತ ಅಲ್ಲಿನ ಕೋರ್ಟ್ ಹೇಳಿಬಿಟ್ಟಿದೆ. ಅಂದ್ರೆ ಸ್ಪ್ರಿಂಗ್ ಬಿಗಿಯ ಚಿಕ್ಕ ಚಾಕು ಸರಿ, 8ನೇ ನಂಬರ್ ಒಪಿನೆಲ್‌ಗೆ ತಕ್ಕ ಕಾರಣ ಬೇಕು. ಒಪಿನೆಲ್‌ನಲ್ಲೇ 5ನೇ ನಂಬರ್‌ವರೆಗಿನ ಚಿಕ್ಕವಕ್ಕೆ ಉಂಗುರ ಇರಲ್ಲ, ಅದು ಬೇರೆ ಮಾತು. ಜರ್ಮನೀಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗೋ ಚಾಕುಗಳ ಮೇಲೆ ನಿರ್ಬಂಧ ಇದೆ, 2024ರಲ್ಲಿ ಸಾರ್ವಜನಿಕ ಉತ್ಸವ ಅಂಥ ಕಡೆ ಚಾಕು ತರೋದರ ಮೇಲೆ ಇನ್ನೂ ಬಿಗಿ ಮಾಡಿದ್ರು.

ನೀವಿರೋ ಜಾಗದ ನಿಯಮ ನೀವೇ ಓದ್ಕೊಳ್ಳಿ, ನೆಟ್ಟಲ್ಲಿ ಯಾರೋ ಹೇಳಿದ್ರು ಅಂತ ನಂಬ್ಕೊಂಡು ಹೋಗಬೇಡಿ, ನಾನು ಹೇಳಿದ್ದನ್ನೂ ಸೇರಿಸಿ. ಶಾಲೆ, ಕೋರ್ಟು, ಕ್ರೀಡಾಂಗಣ, ಇಂಥ ಕಡೆ ಒಯ್ಯಲೇಬೇಡಿ. ವಿಮಾನಕ್ಕೆ ಹೋಗೋ ಹಿಂದಿನ ರಾತ್ರೀನೇ ಜೇಬಿಂದ ತೆಗೆದು ಚೆಕ್-ಇನ್ ಮಾಡೋ ಬ್ಯಾಗಿಗೆ ಹಾಕಿ, ಕೀಗೊಂಚಲಲ್ಲಿ ನೇತಾಡೋ 58 ಮಿ.ಮೀ. ಪುಟಾಣಿ ಚಾಕುಗಳೇ ಸೆಕ್ಯುರಿಟೀಲಿ ಜಾಸ್ತಿ ಸಿಕ್ಕಿಬೀಳೋದು, ಯಾಕಂದ್ರೆ ಅದು ಇದೆ ಅನ್ನೋದೇ ನೆನಪಿರಲ್ಲ.

ಕಪ್ಪುಕುದುರೆ:
ಆತ್ಮರಕ್ಷಣೆಗೆ ಇದು ಆಗುತ್ತಾ? ರಾತ್ರಿ ಓಡಾಟ ಜಾಸ್ತಿ ನಂದು.

ಹಿತ್ತಾಳೆ_ರಿವೆಟ್:
ಆಗಲ್ಲ, ಆ ಯೋಚನೆ ಬಿಟ್ಬಿಡಿ. ಮೇಲೆ ಹೇಳಿದ್ನಲ್ಲ, ಮೊನೆಯಿಂದ ತಳ್ಳಿದ್ರೆ ಇದು ನಿಮ್ಮ ಬೆರಳಿನ ಮೇಲೇ ಮಡಚ್ಕೊಳ್ಳುತ್ತೆ. ಬ್ರಿಟನ್ ಥರದ ಕಡೆ ರಕ್ಷಣೆಗೆ ಅಂತ ಬಾಯಿ ಬಿಟ್ಟು ಹೇಳಿದ್ರೆ ಸಾಕು, ಕಾನೂನುಬದ್ಧವಾಗಿದ್ದ ಚಾಕೂನೂ ಆಯುಧ ಆಗಿಬಿಡುತ್ತೆ. ರಾತ್ರಿಗೆ ಒಳ್ಳೇ ಟಾರ್ಚ್ ಇಟ್ಕೊಳ್ಳಿ, ಬೆಳಕಿರೋ ದಾರೀಲಿ ಹೋಗಿ, ಮನೆಯವರಿಗೆ ಎಲ್ಲಿದೀರಿ ಅಂತ ತಿಳಿಸ್ತಾ ಇರಿ. ಈ ಚರ್ಚೇಲಿ ಚಾಕು ಅಂದ್ರೆ ಕುಯ್ಯೋ ಸಾಮಾನು, ಅದರಾಚೆಗೆ ನಾನು ಮಾತಾಡಲ್ಲ.

ನೀಲಿ_ಮಚ್ಚೆ:
ಉಕ್ಕಿನ ಬಗ್ಗೆ ಶುರು ಮಾಡೋಣ, ನನಗೆ ತುಂಬಾ ಇಷ್ಟದ ವಿಷಯ ಇದು. ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಸ್ಟೇನ್‌ಲೆಸ್ ಉಕ್ಕು ಮಾಡೋವರೆಗೂ ಜೇಬಿನ ಚಾಕುಗಳೆಲ್ಲ ಕಾರ್ಬನ್ ಉಕ್ಕಿನವೇ. ಈಗಲೂ ನಾನು ಕಾರ್ಬನ್ನೇ ಹುಡುಕಿ ತಗೊಳ್ಳೋದು. ಉದಾಹರಣೆಗೆ 1095 ಅನ್ನೋ ಉಕ್ಕಲ್ಲಿ ಸುಮಾರು 0.95 ಶೇಕಡಾ ಕಾರ್ಬನ್ ಇರುತ್ತೆ, ಕ್ರೋಮಿಯಂ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಕಲ್ಲಿನ ಮೇಲೆ ಬೆಣ್ಣೆ ಥರ ಮಸೆಯುತ್ತೆ, ಬಾಯಿ ಸಣ್ಣಗೆ ಬರುತ್ತೆ. ಸ್ಟೇನ್‌ಲೆಸ್ ಅನ್ನಿಸ್ಕೊಳ್ಳೋಕೆ ಕ್ರೋಮಿಯಂ 10.5 ಶೇಕಡಾ ಆದ್ರೂ ಬೇಕು, ಚಾಕುಗೆ ಬಳಸೋದ್ರಲ್ಲಿ ಸಾಮಾನ್ಯವಾಗಿ ಇನ್ನೂ ಜಾಸ್ತಿ.

ಹೊಸ ಕಾರ್ಬನ್ ಅಲಗು ಕನ್ನಡಿ ಥರ ಹೊಳೀತಿರುತ್ತೆ. ಅದರಲ್ಲಿ ಹುಳಿ ಹಣ್ಣು ಕುಯ್ದು ಎರಡು ನಿಮಿಷ ಹಾಗೇ ಬಿಡಿ, ರಸ ತಾಗಿದ ಜಾಗ ಮೊದಲು ತಿಳಿ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ ಮಿಶ್ರಿತ ನೀಲಿ, ಪಾರಿವಾಳದ ಕೊರಳ ಬಣ್ಣ. ತೊಳೆದು ಒರೆಸಿ, ಮತ್ತೆ ಬಳಸಿ, ಬರ್ತಾ ಬರ್ತಾ ಇಡೀ ಅಲಗು ಬೂದು ಬಣ್ಣಕ್ಕೆ ತಿರುಗುತ್ತೆ. ಇದು ಪಟೀನಾ, ಬಿಗಿಯಾಗಿ ಅಂಟ್ಕೊಂಡಿರೋ ಕಪ್ಪು ಆಕ್ಸೈಡ್ ಪದರ, ಕೆಂಪು ತುಕ್ಕು ಬರೋದನ್ನ ನಿಧಾನ ಮಾಡುತ್ತೆ. ಕೆಂಪು ತುಕ್ಕು ಹಾಗಲ್ಲ, ಅದು ಸಡಿಲ, ತೇವ ಹಿಡ್ಕೊಂಡು ಒಳಗೆ ಕೊರೀತಾ ಹೋಗುತ್ತೆ. ಬೆರಳಲ್ಲಿ ಉಜ್ಜಿದ್ರೆ ಕೆಂಪು ಪುಡಿ ಹತ್ತಿದ್ರೆ ತಕ್ಷಣ ತೆಗೀರಿ, ಬೂದು ಕಪ್ಪು ಇದ್ದು ಏನೂ ಹತ್ತದಿದ್ರೆ ಬಿಟ್ಬಿಡಿ. ಎಷ್ಟೋ ಜನ ಒಳ್ಳೇ ಪಟೀನಾನ ಹೊಲಸು ಅನ್ಕೊಂಡು ಉಜ್ಜಿ ಉಜ್ಜಿ ಹೊಳಪು ಮಾಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಬೀಚ್_ಮರ:
ನೀಲಿ ಮಚ್ಚೆ, ನಿಮ್ಮ ಮಾತು ಸರಿ, ಆದ್ರೆ ಬೆವರು ಜಾಸ್ತಿ ಇರೋರು, ಸಮುದ್ರದ ಹತ್ರ ಇರೋರು ಕಾರ್ಬನ್ ಇಟ್ಕೊಂಡ್ರೆ ಒರೆಸೋದ್ರಲ್ಲೇ ದಿನ ಹೋಗುತ್ತೆ, ಅಂಥವರು ಸ್ಟೇನ್‌ಲೆಸ್ ತಗೊಳ್ಳೋದ್ರಲ್ಲಿ ತಪ್ಪೇನಿಲ್ಲ. ಒಪಿನೆಲ್‌ನಲ್ಲಿ ಎರಡೂ ಸಿಗುತ್ತೆ, ಸ್ಟೇನ್‌ಲೆಸ್‌ಗೆ 12ಸಿ27 ಅನ್ನೋ ಸ್ವೀಡನ್ ಉಕ್ಕು ಹಾಕ್ತಾರೆ, ಅದೂ ಚೆನ್ನಾಗಿ ಹರಿತ ಬರುತ್ತೆ.

ನೀಲಿ_ಮಚ್ಚೆ:
ಅದು ಸರಿ. ಉಪ್ಪುಗಾಳಿ ಇರೋ ಕಡೆ ನಾನೂ ಸ್ಟೇನ್‌ಲೆಸ್ಸೇ ಹೇಳೋದು.

ಉಗುರು_ಸಮಸ್ಯೆ:
ನನ್ನ ಪ್ರಶ್ನೆ ಬೇರೆ. ನನಗೆ ಕೀಲುನೋವು ಇದೆ, ಉಗುರೂ ಮೆತ್ತಗೆ, ಉಗುರು ಸಿಕ್ಕಿಸಿ ತೆರೆಯೋದು ಕಷ್ಟ. ಆದ್ರೆ ಈ ಚಾಕುಗಳ ಅಂದ ನೋಡಿದ್ರೆ ಬಿಡೋಕೆ ಮನಸ್ಸಿಲ್ಲ. ದಾರಿ ಇದೆಯಾ?

ಸಾಣೆಕಲ್ಲು:
ಇದೆ ಅಮ್ಮಾ, ಅಥವಾ ಅಣ್ಣ, ಯಾರೇ ಆಗಿರಿ. ಸ್ಪ್ರಿಂಗ್ ಬಿಗಿಯನ್ನ ಜನ 1ರಿಂದ 10ರ ಅಳತೇಲಿ ಹೇಳ್ತಾರೆ, ಇದಕ್ಕೆ ಯಂತ್ರ ಏನಿಲ್ಲ, ಕೈ ಅಂದಾಜು ಅಷ್ಟೇ. 8 ಅಂದ್ರೆ ಉಗುರು ಕಿತ್ತುಬರೋ ಬಿಗಿ. ನಿಮಗೆ 4 ಸಾಕು. ಎರಡನೇದು, ಮಡಚಿದಾಗ ಅಲಗಿನ ಬೆನ್ನು ಹಿಡಿಯಿಂದ ಚೆನ್ನಾಗಿ ಹೊರಗೆ ಎದ್ದಿರೋ ಮಾದರಿ ನೋಡಿ, ಸಾಡ್‌ಬಸ್ಟರ್ ಹಾಗಿರುತ್ತೆ, ಹೆಬ್ಬೆರಳು ತೋರುಬೆರಳಲ್ಲಿ ಅಲಗನ್ನೇ ಚಿವುಟಿ ಹಿಡಿದು ತೆಗೀಬಹುದು, ಉಗುರು ಬೇಕಿಲ್ಲ. ಹಿಡಿಯಲ್ಲಿ ಅರ್ಧಚಂದ್ರದ ಹಾಗೆ ಕಚ್ಚು ಕೊಟ್ಟಿರೋವೂ ಬರ್ತವೆ, ಅಲ್ಲಿ ಬೆರಳಿಗೆ ಅಲಗು ಸಲೀಸಾಗಿ ಸಿಗುತ್ತೆ. ಮೂರನೇದು ಜಪಾನಿನ ಹಿಗೊನೊಕಾಮಿ. ಅದಕ್ಕೆ ಸ್ಪ್ರಿಂಗೇ ಇಲ್ಲ. ಮಡಚಿದ ಹಿತ್ತಾಳೆ ತಗಡಿನ ಹಿಡಿ, ಅಲಗಿನ ಹಿಂದೆ ಒಂದು ಬಾಲ, ಆ ಬಾಲ ಒತ್ತಿದ್ರೆ ಅಲಗು ಏಳುತ್ತೆ, ತೆರೆದ ಮೇಲೆ ಹೆಬ್ಬೆರಳು ಆ ಬಾಲದ ಮೇಲೇ ಕೂರುತ್ತೆ, ಹೆಬ್ಬೆರಳು ಇರೋವರೆಗೂ ಮಡಚಲ್ಲ. ಮೀಜಿ ಕಾಲದಲ್ಲಿ (1868-1912) ಮಿಕಿ ಊರಿನ ಸುತ್ತ ಹುಟ್ಟಿದ್ದು, ಈಗ ಆ ಹೆಸರಲ್ಲಿ ಮಾಡೋಕೆ ಹಕ್ಕಿರೋದು ನಾಗಾವೊ ಕಾನೆಕೊಮಾ ಒಂದೇ ಕಮ್ಮಟಕ್ಕೆ. ಬಿಗಿ ಜಾಸ್ತಿ ಇದ್ರೆ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು ತೆರೆದು ಮುಚ್ಚಿ ಮಾಡ್ತಾ ಇದ್ರೆ ಸಡಿಲಾಗುತ್ತೆ.

ಹೊಸಬ_ನಾನು:
ಸಾಣೆ ಹಿಡಿಯೋದು ಹೇಗೆ ಅಂತನೂ ಹೇಳಿಬಿಡಿ ಅಣ್ಣಾ, ಎಲ್ಲೆಲ್ಲೂ ಒಂದೊಂದು ಥರ ಹೇಳ್ತಾರೆ.

ಸಾಣೆಕಲ್ಲು:
ನನ್ನ ಹೆಸರೇ ಅದು, ಹೇಳದೆ ಬಿಡಲ್ಲ. ಒಂದು 1000 ಗ್ರಿಟ್ ಕಲ್ಲು ಸಾಕು (ಗ್ರಿಟ್ ಅಂದ್ರೆ ಕಲ್ಲಿನ ನುಣುಪಿನ ಅಳತೆ, ನಂಬರ್ ಜಾಸ್ತಿ ಆದಷ್ಟೂ ನುಣುಪು), ಆಸೆ ಇದ್ರೆ ಆಮೇಲೆ 3000ದ್ದು. ಮೊದಲು ಅಲಗಿನ ಬಾಯಿಗೆ ಉದ್ದಕ್ಕೂ ಮಾರ್ಕರ್ ಪೆನ್ನಿಂದ ಕಪ್ಪು ಬಳೀರಿ. ಕಲ್ಲಿನ ಮೇಲೆ ಮೆಲ್ಲಗೆ ಒಂದು ಸಲ ಎಳೆದು ನೋಡಿ. ಮಸಿ ಬಾಯಿ ತುದಿಯಲ್ಲಿ ಉಳಿದು ಮೇಲೆ ಮಾತ್ರ ಹೋಗಿದ್ರೆ ಅಲಗನ್ನ ತುಂಬಾ ಮಲಗಿಸಿದೀರಿ, ತುದೀಲಿ ಮಾತ್ರ ಹೋಗಿದ್ರೆ ತುಂಬಾ ಎತ್ತಿದೀರಿ. ಪೂರ್ತಿ ಹೋಗೋ ಹಾಗೆ ಕೋನ ಹೊಂದಿಸ್ಕೊಳ್ಳಿ, ತೆಳು ಚಾಕುಗಳಿಗೆ ಒಂದು ಬದಿಗೆ 15ರಿಂದ 20 ಡಿಗ್ರಿ ಒಳಗೆ ಬರುತ್ತೆ.

ಒಂದೇ ಬದೀನ ಮಸೀತಾ ಹೋಗಿ. ಎಲ್ಲಿವರೆಗೆ ಅಂದ್ರೆ ಇನ್ನೊಂದು ಬದಿಗೆ ಬರ್ ಏಳೋವರೆಗೆ. ಬರ್ ಅಂದ್ರೆ ಬಾಯಿ ತುದೀಲಿ ಆಚೆ ಮಗ್ಗುಲಿಗೆ ಮಡಚ್ಕೊಂಡಿರೋ ಕೂದಲೆಳೆಯಷ್ಟು ಸಣ್ಣ ಲೋಹದ ಎಳೆ, ಕಣ್ಣಿಗೆ ಸರಿಯಾಗಿ ಕಾಣಲ್ಲ, ಹೆಬ್ಬೆರಳನ್ನ ಬೆನ್ನಿಂದ ಬಾಯಿ ಕಡೆಗೆ, ಬಾಯಿಂದ ಆಚೆಗೆ ಹೋಗೋ ಹಾಗೆ ಸವರಿದ್ರೆ ಚರ್ಮಕ್ಕೆ ಗರಗರ ಅಂತ ಸಿಗುತ್ತೆ. ಬಾಯಿ ಉದ್ದಕ್ಕೆ ಬೆರಳು ಎಳೀಬೇಡಿ, ಅಡ್ಡಕ್ಕೆ ಮಾತ್ರ. ಬುಡದಿಂದ ಮೊನೆವರೆಗೂ ಅದು ಸಿಗಬೇಕು, ಒಂದು ಕಡೆ ಸಿಕ್ಕಿ ಒಂದು ಕಡೆ ಸಿಗದಿದ್ರೆ ಸಿಗದ ಕಡೆ ಇನ್ನೂ ಮಸೀಬೇಕು. ಆಮೇಲೆ ಮಗ್ಗುಲು ಬದಲಾಯಿಸಿ ಹಾಗೇ ಮಾಡಿ. ಕೊನೇಗೆ ಒತ್ತಡ ಕಮ್ಮಿ ಮಾಡ್ತಾ, ಒಂದು ಬದಿ ಒಂದು ಸಲ, ಇನ್ನೊಂದು ಬದಿ ಒಂದು ಸಲ, ಚಾಕುವಿನ ತೂಕ ಮಾತ್ರ ಕಲ್ಲಿನ ಮೇಲೆ ಬೀಳೋ ಹಾಗೆ ಎಳೀರಿ. ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ, ಅಂದ್ರೆ ಬೆನ್ನು ಮುಂದೆ ಬಾಯಿ ಹಿಂದೆ, ಎಳೆದ್ರೆ ಉಳಿದ ಬರ್ ಕಿತ್ತುಹೋಗುತ್ತೆ. ಮೆತ್ತನೆ ಉಕ್ಕಲ್ಲಿ, ಅಂದ್ರೆ ಗಡಸುತನದ ಅಳತೇಲಿ 56 ರಾಕ್‌ವೆಲ್ ಆಸುಪಾಸಿನ ವಿಕ್ಟೋರಿನಾಕ್ಸ್ ಅಂಥದ್ರಲ್ಲಿ, ಬರ್ ಬೇಗ ಏಳುತ್ತೆ ಆದ್ರೆ ಹಠಮಾರಿ, ಪೂರ್ತಿ ಹೋಗೋಕೆ ತಾಳ್ಮೆ ಬೇಕು. ಬರ್ ಉಳಿಸಿಬಿಟ್ರೆ ಮೊದಲ ದಿನ ಕ್ಷೌರದ ಕತ್ತಿ ಥರ ಇರುತ್ತೆ, ಎರಡನೇ ದಿನಕ್ಕೆ ಮೊಂಡು. ಜನ ಉಕ್ಕನ್ನ ಬೈತಾರೆ, ಉಕ್ಕಿನ ತಪ್ಪಲ್ಲ ಅದು.

ಕಲ್ಲಿಲ್ಲದ ಕಡೆ ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪು ಬಳಿಯದ ಒರಟು ಉಂಗುರ ಇರುತ್ತಲ್ಲ, ಅದರ ಮೇಲೆ ಎರಡು ಮೂರು ಸಲ ಎಳೆದ್ರೂ ಬಾಯಿಗೆ ಜೀವ ಬರುತ್ತೆ. ತಿರುಗೋ ಯಂತ್ರದ ಸಾಣೆಗೆ ಮಾತ್ರ ಈ ಚಾಕು ಕೊಡಬೇಡಿ, ತೆಳು ಬಾಯಿ ಕ್ಷಣದಲ್ಲಿ ಕಾದು ಹದ ಹೋಗುತ್ತೆ, ಅದು ಮತ್ತೆ ಬರಲ್ಲ.

ಹಿತ್ತಾಳೆ_ರಿವೆಟ್:
ಇದನ್ನ ಮೇಲೆ ಪಿನ್ ಮಾಡಿಡಬೇಕು. ನಾನು ಕೀಲಿನ ಬಗ್ಗೆ ಬರೀತೀನಿ, ಯಾಕಂದ್ರೆ ಬಾಯಿ ನೋಡ್ಕೊಳ್ಳೋರು ನೂರು ಜನ ಇದ್ರೆ ಕೀಲು ನೋಡ್ಕೊಳ್ಳೋರು ಇಬ್ರು. ಜೇಬಲ್ಲಿರೋ ಬಟ್ಟೆ ಜುಂಗು, ಧೂಳು ಎಲ್ಲ ಹಿಡಿಯೊಳಗೆ ಸ್ಪ್ರಿಂಗ್ ಮೇಲೆ ಕೂರುತ್ತೆ. ಜಾಸ್ತಿ ಆದ್ರೆ ಅಲಗು ಪೂರ್ತಿ ಒಳಗೆ ಇಳಿಯಲ್ಲ, ಮೊನೆ ಸ್ವಲ್ಪ ಹೊರಗೆ ಇಣುಕುತ್ತೆ, ಜೇಬಿಗೆ ಕೈ ಹಾಕಿದಾಗ ಚುಚ್ಚೋದು ಆಗಲೇ. ಹಲ್ಲುಕಡ್ಡಿಯಿಂದ ಆ ಸೀಳನ್ನ ಕೆರೆದು ತೆಗೀರಿ. ಆಮೇಲೆ ಬೆಚ್ಚಗಿನ ಸೋಪುನೀರಲ್ಲಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಒರೆಸಿ ಒಣಗಿಸಿ. ಹಿಡಿ ಮರದ್ದೋ ಮೂಳೆದೋ ಆಗಿದ್ರೆ ನೆನೆಹಾಕಬೇಡಿ, ಬರೀ ಕೀಲನ್ನ ನೀರ ಕೆಳಗೆ ಹಿಡೀರಿ. ಒಣಗಿದ ಮೇಲೆ ಕೀಲಿಗೆ ಒಂದು ಹನಿ ಮಿನರಲ್ ಆಯಿಲ್. ತೆರೆದು ಮುಚ್ಚಿದಾಗ ಬೋಲ್ಸ್ಟರ್ ಪಕ್ಕದಲ್ಲಿ ಕಪ್ಪನೆ ಎಣ್ಣೆ ಜಿನುಗುತ್ತೆ, ಒಳಗೆ ಸವೆದ ಲೋಹದ ಪುಡಿ ಅದು, ಒರೆಸಿ, ಇನ್ನೊಂದು ಹನಿ, ಮತ್ತೆ ಒರೆಸಿ, ತಿಳಿ ಎಣ್ಣೆ ಬರೋವರೆಗೂ. ಅಡುಗೆ ಎಣ್ಣೆ ಬೇಡ, ಕೆಲವೇ ವಾರದಲ್ಲಿ ಅಂಟಾಗಿ ಕೀಲು ಹಿಡ್ಕೊಂಡುಬಿಡುತ್ತೆ.

ಇನ್ನೊಂದು ಮುಖ್ಯವಾದ್ದು. ಮಡಚುವಾಗ ಕೊನೇಗೆ ಅಲಗನ್ನ ಬಿಟ್ಟು ಚಟ್ ಅನ್ನಿಸಬೇಡಿ. ಕೆಲವು ಚಾಕುಗಳಲ್ಲಿ ಬಾಯಿ ಹೋಗಿ ಒಳಗಿರೋ ಸ್ಪ್ರಿಂಗಿಗೇ ಬಡಿಯುತ್ತೆ, ಬಡಿದ ಜಾಗದಲ್ಲಿ ಬಾಯಿ ಮೊಂಡಾಗುತ್ತೆ. ಲಾಗಿಯೋಲ್ ಚಾಕು ಇಟ್ಕೊಳ್ಳೋರು ಇದನ್ನ ಶಿಸ್ತಾಗಿ ಪಾಲಿಸ್ತಾರೆ, ಕೊನೇವರೆಗೂ ಬೆರಳಲ್ಲಿ ಹಿಡಿದೇ ಇಳಿಸ್ತಾರೆ.

ದಾರಿಹೋಕ:
ಲಾಗಿಯೋಲ್ ಹೆಸರು ಬಂತಲ್ಲ, ತಗೊಳ್ಳೋರಿಗೆ ಒಂದು ಎಚ್ಚರಿಕೆ. ಲಾಗಿಯೋಲ್ ಅನ್ನೋದು ಫ್ರಾನ್ಸಿನ ಒಂದು ಹಳ್ಳಿ, ಚಾಕು ಅಲ್ಲಿ 19ನೇ ಶತಮಾನದ ಮೊದಲರ್ಧದಲ್ಲಿ ಹುಟ್ಟಿತು, ಆದ್ರೆ ಅಲಗಿನ ಮೇಲೆ ಆ ಹೆಸರು, ಸ್ಪ್ರಿಂಗ್ ಮೇಲೆ ಆ ನೊಣದ ಗುರುತು ಇದ್ದ ಮಾತ್ರಕ್ಕೆ ಅಲ್ಲೇ ಆಗಿದ್ದು ಅಂತ ಅಲ್ಲ. ಫ್ರಾನ್ಸಿನದೇ ಥಿಯೆರ್ ಪಟ್ಟಣದಲ್ಲಿ ಒಳ್ಳೊಳ್ಳೇವು ಆಗ್ತವೆ, ಎಲ್ಲೆಲ್ಲೋ ಆಗೋ ಕಳಪೆಗಳೂ ಅದೇ ಹೆಸರಲ್ಲಿ ಬರ್ತವೆ. ಚಾಕುಗೆ ಹೆಸರಾದ ಜರ್ಮನಿಯ ಜೋಲಿಂಗನ್ ಊರು ಹಾಗಲ್ಲ, 1938ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಹಾಗಾಗಿ ಲಾಗಿಯೋಲ್ ಕೊಳ್ಳುವಾಗ ಹೆಸರು ನೋಡಬೇಡಿ, ತಯಾರಕರು ಯಾರು ನೋಡಿ.

ಹೊಸಬ_ನಾನು:
ಕೈಯಲ್ಲಿ ಹಿಡಿದಾಗ ಒಳ್ಳೇದು ಕೆಟ್ಟದ್ದು ಹೇಗೆ ಕಂಡುಹಿಡಿಯೋದು?

ಹಿತ್ತಾಳೆ_ರಿವೆಟ್:
ಬೆಳಕಿಗೆ ಎತ್ತಿ ಹಿಡಿದು ಬೆನ್ನು ನೋಡಿ, ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಬೆಳಕು ತೂರಿ ಬಂದ್ರೆ ಜೋಡಣೆ ಸಡಿಲ. ತೆರೆದಾಗ ಒಂದು ಸಲ, ಮಡಚಿದಾಗ ಒಂದು ಸಲ ಬೆನ್ನ ಮೇಲೆ ಉಗುರು ಎಳೀರಿ, ಸ್ಪ್ರಿಂಗು ಎದ್ದೂ ಇರಬಾರದು ಕುಸಿದೂ ಇರಬಾರದು, ಉಗುರು ಎಲ್ಲೂ ಎಡವಬಾರದು. ತೆರೆದ ಅಲಗನ್ನ ಅಕ್ಕಪಕ್ಕ, ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅಕ್ಕಪಕ್ಕದ್ದು ಒಂಚೂರು ಇದ್ರೆ ಪರವಾಗಿಲ್ಲ, ಮೇಲೆ ಕೆಳಗೆ ಆಡಿದ್ರೆ ಬೇಡ. ಮಡಚಿದಾಗ ಅಲಗು ನಡುವಲ್ಲಿದೆಯಾ, ತಗಡಿಗೆ ಉಜ್ಜುತ್ತಾ, ಅದನ್ನೂ ನೋಡಿ. ಹಳೇ ಚಾಕು ಕೊಳ್ಳೋದಾದ್ರೆ ಹಿಡಿ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಪ್ಲಾಸ್ಟಿಕ್ಕು) ಆಗಿದೆಯಾ ಅಂತ ಕೇಳಿ, ಅದು ಹಳತಾದಂತೆ ಕೊಳೆಯೋಕೆ ಶುರುವಾದ್ರೆ ಆಮ್ಲದ ಹೊಗೆ ಬಿಡುತ್ತೆ, ತನ್ನ ಅಲಗನ್ನಷ್ಟೇ ಅಲ್ಲ ಅದೇ ಡಬ್ಬಿಯಲ್ಲಿರೋ ಬೇರೆ ಚಾಕುಗಳನ್ನೂ ತುಕ್ಕು ಹಿಡಿಸುತ್ತೆ, ಜೊತೆಗೆ ಬೆಂಕಿಗೂ ಬೇಗ ಹತ್ಕೊಳ್ಳುತ್ತೆ. ಬೇರೆ ಇಡಿ, ಗಾಳಿಯಾಡೋ ಕಡೆ ಇಡಿ.

ಎರಡು_ಮಕ್ಕಳ_ತಾಯಿ:
ಇಷ್ಟೊತ್ತು ಓದ್ತಾ ಇದ್ದೆ, ತುಂಬಾ ಕಲಿತೆ. ನನ್ನ ಮಗ ಪೆನ್ಸಿಲ್ ಕೆತ್ತೋದು, ಕಡ್ಡಿ ಕೆತ್ತೋದು ಅಂತ ಚಾಕು ಕೇಳ್ತಾ ಇದಾನೆ, ಕೊಡೋ ವಯಸ್ಸು ಯಾವುದು?

ಬೀಚ್_ಮರ:
ವಯಸ್ಸಿಗಿಂತ ಮಗು ಹೇಳಿದ ಮಾತು ಎಷ್ಟು ಕೇಳುತ್ತೆ ಅನ್ನೋದು ನೋಡಿ ಅಕ್ಕಾ. ಒಪಿನೆಲ್ ಅವರೇ ಮಕ್ಕಳಿಗೆ ಅಂತ 7ನೇ ನಂಬರ್‌ನಲ್ಲಿ ದುಂಡು ತುದಿಯ ಚಾಕು ಮಾಡ್ತಾರೆ, ಮೊನೆ ಇಲ್ಲ, ಉಂಗುರದ ಲಾಕ್ ಇದೆ. ಮಕ್ಕಳಿಗೆ ಲಾಕ್ ಇರೋದೇ ಕೊಡಿ, ಈ ಒಂದು ವಿಷಯದಲ್ಲಿ ನಾನು ಹಗ್ಗದ ಗಂಟು ಅವರ ಕಡೆ. ಕೂತ್ಕೊಂಡೇ ಕೆತ್ತಬೇಕು, ಮೈಯಿಂದ ಆಚೆಗೆ ಕೆತ್ತಬೇಕು, ಕೈ ಚಾಚಿದ್ರೆ ತಾಗೋ ದೂರದಲ್ಲಿ ಯಾರೂ ಇರಬಾರದು, ನಡೆಯುವಾಗ ಮಡಚಿರಬೇಕು, ಇನ್ನೊಬ್ರಿಗೆ ಕೊಡುವಾಗ ಮಡಚೇ ಕೊಡಬೇಕು. ಮೊದಮೊದಲು ನೀವು ಪಕ್ಕದಲ್ಲಿ ಇರಿ. ಮತ್ತೆ ಚಾಕು ಹರಿತವಾಗೇ ಇರಲಿ, ಮೊಂಡು ಚಾಕು ಕೊಟ್ರೆ ಮಗು ಜೋರಾಗಿ ಒತ್ತುತ್ತೆ, ಜಾರುತ್ತೆ. ಮಸೆಯೋದನ್ನೂ ಅವನಿಗೇ ಕಲಿಸಿ, ಸಾಣೆಕಲ್ಲು ಸರ್ ಹೇಳಿದ ಮಾರ್ಕರ್ ಉಪಾಯ ಮಕ್ಕಳಿಗೆ ತುಂಬಾ ಹಿಡಿಸುತ್ತೆ. ಶಾಲೆ ಬ್ಯಾಗಿಗೆ ಮಾತ್ರ ಯಾವತ್ತೂ ಹೋಗಬಾರದು, ಕೆತ್ತಿ ಆದ ಮೇಲೆ ದಿನಾ ವಾಪಸ್ ನಿಮ್ಮ ಕೈಗೆ.

ಹಗ್ಗದ_ಗಂಟು:
ರಿವೆಟ್ ಸರ್, ಕೆಲಸಕ್ಕೆ ನನ್ನ ಲಾಕ್ ಚಾಕೂನೇ ಇರುತ್ತೆ, ಅದು ಬದಲಾಗಲ್ಲ. ಆದ್ರೆ ಮನೇಲಿ ಇಡೋಕೆ ಒಂದೇ ಅಲಗಿನ ಸಾಡ್‌ಬಸ್ಟರ್ ನೋಡ್ತಿದೀನಿ, ಅಲಗು ಎಷ್ಟು ದಪ್ಪ ಇರಬೇಕು ಅಂತೀರಿ?

ಹಿತ್ತಾಳೆ_ರಿವೆಟ್:
ಬೆನ್ನು 2.5 ಮಿ.ಮೀ. ದಾಟಬಾರದು, ಬೆನ್ನಿಂದ ಬಾಯಿವರೆಗೂ ಒಂದೇ ಸಮ ಇಳಿಜಾರಾಗಿ ತೆಳುವಾಗ್ತಾ ಬಂದಿರಬೇಕು. ಅರ್ಧದವರೆಗೂ ದಪ್ಪ ಇದ್ದು ಆಮೇಲೆ ಗಕ್ಕನೆ ಇಳಿದಿರೋದು ತಗೋಬೇಡಿ. ಫೋಟೋದಲ್ಲಿ ಗೊತ್ತಾಗದಿದ್ರೆ ಮೊನೆ ಕಡೆಯಿಂದ ನೇರವಾಗಿ ತೆಗೆದ ಫೋಟೋ ಕೇಳಿ ತರಿಸ್ಕೊಂಡು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.